ಎಸ್ತರಕ್ಕ ಕಟ್ಟಿಕೊಂಡ ದನಿ

ಎಸ್ತರಕ್ಕ ಬರುವ ಮೊದಲು ಅವರ ದನಿ ಬರುತ್ತಿತ್ತು. ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಇನ್ನೂ ಕೆಳಗೆಲ್ಲೋ ಇರುವಾಗಲೇ ಅದರ ಬಾಗಿಲ ಸಂದಿಯಿಂದ ಅವರ ನಗು ಮೇಲೇರಿ ಬರುವುದು. ಆಮೇಲೆ ಕೈಚೀಲ, ಆಮೇಲೆ ಅವರು. ಎತ್ತರದ ದನಿ ಅಂತಲ್ಲ. ಸ್ವಲ್ಪ ತಗ್ಗಿನ, ತುಂಬಿಕೊಂಡ, ಹಿತ್ತಾಳೆಯ ಪಾತ್ರೆಗೆ ಬೆರಳು ತಾಗಿಸಿದಂಥ ದನಿ. ಬಾಲ್ಕನಿಯಲ್ಲಿ ನಿಂತು ತರಕಾರಿ ಗಾಡಿಯವನನ್ನು ಕೂಗಿದರೆ ಎದುರಿನ ಟವರಿನವರೂ ಇಣುಕುತ್ತಿದ್ದರು.

“ಭಯ್ಯಾ! ಇತನಾ ಧನಿಯಾ? ಕಿವಿ ಹಿಂದ ಇಟ್ಕೊಳ್ಳಾಕೂ ಸಾಲೂದಿಲ್ಲಲ್ಲೋ ಇದು!”

ಅವನಿಗೆ ಮೊದಲರ್ಧವಷ್ಟೇ ತಿಳಿಯುತ್ತಿತ್ತು. ಉಳಿದರ್ಧಕ್ಕೆ ಹೆದರಿ ಇನ್ನೊಂದು ಹಿಡಿ ಕೊತ್ತಂಬರಿ ಹಾಕುತ್ತಿದ್ದ.

ನಮ್ಮ ಪರಿಚಯ ಆದದ್ದೂ ಆ ದನಿಯಿಂದಲೇ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಸ್ವಂತದ ಫ್ಲಾಟಿಗೆ ಬಂದ ಮೊದಲ ದಿನ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದೆವು. ಸಾಮಾನು ಹೊತ್ತು ತಂದವರಿಗೆ ಚಹಾ ಕೊಡೋಣವೆಂದು ಮತ್ತೊಮ್ಮೆ ಇಟ್ಟ ಹಾಲು ನನ್ನ ಅಪ್ಪಣೆಯಿಲ್ಲದೆ ಉಕ್ಕಿತು. “ಅಯ್ಯಯ್ಯೋ, ಎಲ್ಲಾ ಚೆಲ್ತು!” ಎಂದು ನಾನು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಕಾರಿಡಾರಿನ ಆಚೆಯ ತೆರೆದ ಬಾಗಿಲಿನಿಂದ ಅಚ್ಚ ಕನ್ನಡ ತೇಲಿಬಂತು: “ಅಳೂದು ಆಮ್ಯಾಲ, ಗ್ಯಾಸ್ ಆರಿಸವಾ ಮೊದಲು!”

ಗ್ಯಾಸ್ ಆರಿಸಿದೆ. ಬಾಗಿಲಲ್ಲಿ ನೆಲ ಒರೆಸುವ ಬಟ್ಟೆ ಹಿಡಿದುಕೊಂಡು, ಕನ್ನಡಕದ ಮೇಲಿಂದ ನೋಡುತ್ತಾ ಎಸ್ತರಕ್ಕ ನಿಂತಿದ್ದರು. ದೆಹಲಿಗೆ ಬಂದು ಅಷ್ಟು ವರ್ಷವಾಗಿದ್ದರೂ ನನ್ನನ್ನು ಯಾರೂ ಹಾಗೆ ಕನ್ನಡದಲ್ಲಿ ಗದರಿಸಿರಲಿಲ್ಲ. ಎಷ್ಟು ಹಿತವಾಯಿತೆಂದರೆ, ನಿಜವಾಗಿಯೂ ಅಳು ಬಂತು.

ಗದಗಿನವರು. ಮದುವೆಯಾಗಿರಲಿಲ್ಲ. ಇಲ್ಲಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದರು, ಮೈಕ್ ಮುಟ್ಟದೆ. ಭಾನುವಾರ ಚರ್ಚಿನಲ್ಲಿ ಹಾಡುವವರ ಗುಂಪಿನಲ್ಲಿ ಕೆಳದನಿಯ ಸಾಲು ಅವರದು. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ನನಗೆ ಕಸೂತಿ, ಸ್ಪಷ್ಟ ಉಚ್ಚಾರ ಮತ್ತು ಯಾರ ಮಾತಿಗೂ ಅಡ್ಡ ಬಾಯಿ ಹಾಕದಿರುವುದನ್ನು ಕಲಿಸಿದ್ದರು. “ನಿನ್ನ ಸಿಸ್ಟರ್‌ಗಳು ನಿನ್ನ ವಾಲ್ಯೂಮ್ ತಿರುವಿ, ಆ ಗುಂಡಿನ ಕಿತ್ತು ಕಿಸೆಯೊಳಗ ಇಟ್ಕೊಂಡಾರ ನೋಡು, ಸುಮಾ,” ಎಂದು ಎಸ್ತರಕ್ಕ ನಗುತ್ತಿದ್ದರು.

ಅವರ ಅಡುಗೆಮನೆಯಲ್ಲಿ ಎರಡು ಮಸಾಲೆ ಡಬ್ಬಿಗಳಿದ್ದವು. ಒಂದರಲ್ಲಿ ಮಸಾಲೆ. ಇನ್ನೊಂದರಲ್ಲಿ, ಸಾಸಿವೆ ಇರಬೇಕಾದ ಬಟ್ಟಲಲ್ಲಿ ಮೂರು ಕಾಲಿನ ಕಪ್ಪು ಟ್ರಾನ್ಸಿಸ್ಟರುಗಳು, ಜೀರಿಗೆಯ ಬಟ್ಟಲಲ್ಲಿ ಬಣ್ಣದ ಪಟ್ಟಿಯ ರೆಸಿಸ್ಟರುಗಳು, ಮೆಂತ್ಯದ ಜಾಗದಲ್ಲಿ ಪುಟ್ಟ ಪುಟ್ಟ ಕೆಪಾಸಿಟರುಗಳು. ನಾನು ಒಮ್ಮೆ ಒಗ್ಗರಣೆಗೆ ತಪ್ಪು ಡಬ್ಬಿ ತೆರೆದೆ. “ಹಾಕು, ಹಾಕು, ಸಾರು ಹಾಡು ಹೇಳ್ತೈತಿ,” ಎಂದರು. ಕಾಲೇಜಿನ ಹುಡುಗರು ಕೆಟ್ಟ ಸರ್ಕಿಟ್ಟು ಹಿಡಿದು ಮನೆಗೇ ಬಂದುಬಿಡುತ್ತಿದ್ದರು. ಅವರಿಗೆಲ್ಲ ಒಂದೇ ಮಾತು: “ಸರ್ಕಿಟ್ ಸುಳ್ಳು ಹೇಳೂದಿಲ್ಲ. ನಾವ ಅದಕ್ಕ ತಪ್ಪು ಪ್ರಶ್ನಿ ಕೇಳಿರ್ತೀವಿ.”

ಸಂಜೆ ದೀಪ ಹಚ್ಚುವ ಹೊತ್ತಿಗೆ ಗದಗಿಗೆ ಫೋನು. ಅಲ್ಲಿ ಅವರ ತಮ್ಮನ ಸಂಸಾರದ ಜೊತೆ ಅವ್ವ ಇದ್ದರು. ಅವ್ವನಿಗೆ ಕಣ್ಣು ತೀರ ಮಂದ. ಮೆಸೇಜು ಓದಲಾರರು, ವೀಡಿಯೋ ಕಾಲ್ ಎಂದರೆ ಗೋಡೆಯ ಕಡೆ ನೋಡಿಕೊಂಡು ಮಾತಾಡುವರು. ಸೊಂಟ ಮುರಿದ ಮೇಲೆ ರೈಲು ಹತ್ತುವುದೂ ನಿಂತಿತ್ತು. ಆದ್ದರಿಂದ ತಾಯಿ ಮಗಳ ನಡುವೆ ಉಳಿದಿದ್ದದ್ದು ದನಿಯೊಂದೇ. ಅದನ್ನು ಇಬ್ಬರೂ ಧಾರಾಳವಾಗಿ ಖರ್ಚು ಮಾಡುತ್ತಿದ್ದರು. ರೊಟ್ಟಿ ಸುಟ್ಟದ್ದು, ಪಕ್ಕದ ಮನೆಯ ಬೆಕ್ಕು, ಚರ್ಚಿನಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು, ಎಲ್ಲವೂ ಕಾರಿಡಾರು ದಾಟಿ ನನ್ನ ಅಡುಗೆಮನೆಗೆ ಬರುತ್ತಿತ್ತು. ಅವ್ವನನ್ನು ನೋಡದೆಯೇ ನಾನು ಅವರ ಮನೆಯವಳಂತೆ ಆಗಿದ್ದೆ.

ಒಂದು ಮಳೆಗಾಲದಲ್ಲಿ ಆ ದನಿ ಒಡೆಯಿತು. “ಹುಡುಗ್ರಿಗೆ ಬೈದು ಬೈದು ಸವದೈತಿ,” ಎಂದು ಎಸ್ತರಕ್ಕ ಬಿಸಿನೀರಿಗೆ ಉಪ್ಪು ಹಾಕಿಕೊಂಡರು. ನಾನು ಶುಂಠಿ ಕಷಾಯ ಮಾಡಿಕೊಟ್ಟೆ, ಅತಿಮಧುರ ಕೊಟ್ಟೆ. ದಸರೆಯ ಹೊತ್ತಿಗೆ ನುಂಗುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ದನಿಪೆಟ್ಟಿಗೆಯ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದರು. ಆ ಗೆರೆಯ ಒಳಗಿನದೆಲ್ಲ ತೆಗೆಯಬೇಕು. ಉಸಿರಾಟಕ್ಕೆ ಕುತ್ತಿಗೆಯಲ್ಲೇ ಒಂದು ರಂಧ್ರ. ಮಾತು ಇರುವುದಿಲ್ಲ.

ಆಪರೇಷನ್ನಿಗೆ ಮೊದಲ ಸಂಜೆ ಆಸ್ಪತ್ರೆಯ ಮಂಚದ ಮೇಲೆ ಕೂತು ಅವರು ಅವ್ವನಿಗೆ ಫೋನು ಮಾಡಿದರು. ನಾನು ಬಟ್ಟೆ ಮಡಿಸುವ ನೆಪದಲ್ಲಿ ತಿರುಗಿ ನಿಂತಿದ್ದೆ.

“ಗಂಟಲದ್ದು ಒಂದು ಆಪರೇಷನ್ ಅದವ್ವಾ. ಡಾಕ್ಟರು ಒಂದಷ್ಟು ತಿಂಗಳ ಮಾತಾಡಬ್ಯಾಡ ಅಂದಾರ.”

“ನೀ ಸುಮ್ಮನಿರೂದಾ?” ಅವ್ವ ನಕ್ಕದ್ದು ನನಗೂ ಕೇಳಿತು. “ಆ ಡಾಕ್ಟರ್‌ನ ದೇವರ ಕಾಪಾಡಬೇಕು. ಎಂದಿಗೆ ಬಾಯಿ ಬಿಡ್ತೀ ಮತ್ತ?”

“ಕ್ರಿಸ್‌ಮಸ್‌ಗೆ,” ಎಂದುಬಿಟ್ಟರು ಎಸ್ತರಕ್ಕ. ಯಾಕೆ ಹಾಗೆಂದರೋ, ಬಾಯಿಗೆ ಬಂದದ್ದು ಅದು. ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ನಮ್ಮ ಕಾರಿಡಾರು ಎಷ್ಟು ಉದ್ದವಿದೆ ಎಂಬುದು ನನಗೆ ಮೊದಲ ಸಲ ಗೊತ್ತಾಯಿತು. ಎಸ್ತರಕ್ಕ ಕುತ್ತಿಗೆಗೆ ತೆಳು ಹತ್ತಿಬಟ್ಟೆಯ ಸ್ಕಾರ್ಫ್ ಕಟ್ಟಿಕೊಂಡಿರುತ್ತಿದ್ದರು. ಉಸಿರಾಡಿದಾಗ ಅದರ ಒಂದು ತುದಿ ಹಗುರವಾಗಿ ಏಳುತ್ತಿತ್ತು. ಮೂಗಿನಲ್ಲಿ ಗಾಳಿ ಹೋಗದೆ ವಾಸನೆಯೂ ಹೋಗಿತ್ತು. ಕಾಫಿಲೋಟ ಕೈಗೆ ಕೊಟ್ಟರೆ ಅಭ್ಯಾಸದಂತೆ ಮೂಗಿನ ಬಳಿ ತಂದು, ಆಮೇಲೆ ನೆನಪಾಗಿ ಕೆಳಗಿಳಿಸುತ್ತಿದ್ದರು. ಆಪರೇಷನ್ನಿನಲ್ಲಿ ಕುತ್ತಿಗೆಯ ನರಕ್ಕೂ ಪೆಟ್ಟಾಗಿ ಬಲಭುಜ ಎತ್ತಲು ಆಗುತ್ತಿರಲಿಲ್ಲ, ಬಲಗೈ ಹೆಚ್ಚು ಹೊತ್ತು ಏನನ್ನೂ ಹಿಡಿಯುತ್ತಿರಲಿಲ್ಲ. ಮಾತಿಗೆ ಮಕ್ಕಳು ಗೀಚುವಂಥ ಒಂದು ಎಲೆಕ್ಟ್ರಾನಿಕ್ ಸ್ಲೇಟು. ಎಡಗೈಯಲ್ಲಿ ಡೊಂಕಾಗಿ ಬರೆಯುವುದು, ಗುಂಡಿ ಒತ್ತಿದರೆ ಎಲ್ಲ ಮಾಯ.

ಅವ್ವನ ಫೋನು ಮಾತ್ರ ಸಂಜೆ ತಪ್ಪದೆ ಬರುತ್ತಿತ್ತು. ಅವ್ವ ಮಾತಾಡುವರು, ಎಸ್ತರಕ್ಕ ಉಗುರಿನಿಂದ ಫೋನಿನ ಬೆನ್ನಿಗೆ ಟಕ್ ಎನ್ನಿಸುವರು. ಕೊನೆಯಲ್ಲಿ ಅವ್ವ ಕೇಳುತ್ತಿದ್ದದ್ದು ಒಂದೇ: “ಕ್ರಿಸ್‌ಮಸ್‌ಗೆ ಮಾತಾಡ್ತೀಯಲ್ಲ ನನ್ನ ಕೂಡ?” ಟಕ್.

ಆಸ್ಪತ್ರೆಯಲ್ಲಿ ಮಾತು ಕಲಿಸುವವರು ಒಂದು ಯಂತ್ರ ಕೊಟ್ಟಿದ್ದರು. ಯಾರೋ ಬಳಸಿ ಬಿಟ್ಟದ್ದು, ನೋಡಲು ಟಾರ್ಚಿನಂತೆ. ಅದರ ತಲೆಯನ್ನು ಗಲ್ಲದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಝುಂಯ್ ಎಂದು ನಡುಗುತ್ತದೆ. ಆ ನಡುಕ ಬಾಯೊಳಗೆ ಹೋಗಿ, ನಾಲಿಗೆ ತುಟಿ ಆಡಿಸಿದ ಹಾಗೆ ಮಾತಾಗಿ ಹೊರಬರುತ್ತದೆ. ಎಸ್ತರಕ್ಕ ಒಂದು ಸಲ ಒತ್ತಿಕೊಂಡು “ಸುಮಾ” ಎಂದರು. ನಮ್ಮ ಗೇಟಿನ ಮುಂದೆ ಏರು ಹತ್ತಲಾರದೆ ನರಳುವ ಇ-ರಿಕ್ಷಾದ ದನಿ. ಪಾಪ, ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ. ಯಂತ್ರ ಬದಿಗಿಟ್ಟು ಸ್ಲೇಟು ತಗೊಂಡರು.

“ಇದು ಗಂಡಸಿನ ದನಿ. ಅವ್ವ ಇದನ್ನ ಕೇಳಿದ್ರ ನಮ್ಮಪ್ಪ ಗೋರಿಯಿಂದ ಎದ್ದು ಬಂದಾನ ಅಂತ ಹೆದರ್ತಾಳ.”

ಅಳಿಸಿ, ಮತ್ತೆ ಬರೆದರು: “ತೆಲಿ ಇರಲಿ. ಹೊಟ್ಟಿ ಬದಲ ಮಾಡ್ತೀನಿ.”

ಒಳಗಿನ ಸರ್ಕಿಟ್ಟನ್ನೇ ಕಿತ್ತು, ಹೆಂಗಸಿನ ದನಿಯಷ್ಟು ಎತ್ತರದಲ್ಲಿ ನಡುಗುವ ಬೇರೆಯದನ್ನು ಕಟ್ಟಿ ಕೂರಿಸುವುದು ಅವರ ಯೋಚನೆ. ದುಬಾರಿ ಯಂತ್ರಗಳಲ್ಲಿ ದನಿ ಏರಿಸಿ ಇಳಿಸಬಹುದಂತೆ. ಗದಗಿನ ತಮ್ಮ ತರಿಸಿಕೊಡುತ್ತೇನೆಂದೂ ಹೇಳಿದ. “ಬ್ಯಾಡ. ಇಷ್ಟು ವರ್ಷ ಆಸಿಲೇಟರ್ ಕಲಿಸೀನಿ. ನನ್ನ ದನಿ ನಾ ಕಟ್ಕೊಳ್ಳೂದಿಲ್ಲೇನು?” ಎಂದು ಬರೆದರು. ಆಸಿಲೇಟರ್ ಎಂದರೆ ಬ್ಯಾಟರಿಯ ಸುಮ್ಮನೆ ಹರಿಯುವ ಕರೆಂಟನ್ನು ಆ ಕಡೆ ಈ ಕಡೆ ತೂಗಾಡಿಸುವ ಸರ್ಕಿಟ್ಟು, ತೊಟ್ಟಿಲು ತೂಗಿದ ಹಾಗೆ. ಬೇಗ ಬೇಗ ತೂಗಿದರೆ ದನಿ ಏರುತ್ತದೆ.

ಆದರೆ ಬೆಸುಗೆಯ ಹೊಗೆ ಕುತ್ತಿಗೆಯ ರಂಧ್ರಕ್ಕೆ ತಾಗಕೂಡದೆಂದು ಡಾಕ್ಟರ ಕಟ್ಟಪ್ಪಣೆ. ನವೆಂಬರಿನ ದೆಹಲಿಯ ಹೊಗೆಮಂಜಿಗೇ ಅವರ ಮನೆಯ ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ಕಟ್ಟಿದ್ದೆವು. ಹಾಗಾಗಿ ಮೊದಲು ಕಂಪ್ಯೂಟರಿನೊಳಗೇ ಕಟ್ಟಿ, ನಡೆಯಿಸಿ, ತಪ್ಪೆಲ್ಲ ತಿದ್ದಿ, ಕೊನೆಗೆ ಒಂದೇ ಒಂದು ಸಲ ಬೆಸೆಯುವುದು. ಅವರ ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಸಾಫ್ಟ್‌ವೇರ್ ಇತ್ತು. ಅವರ ಬಲಗೈ ಮೌಸ್ ಹಿಡಿದು ಹತ್ತು ನಿಮಿಷ ತಡೆಯುತ್ತಿರಲಿಲ್ಲ. ಹೀಗೆ ನಾನು ಅವರ ಕೈಯಾದೆ.

ಊಟದ ಪಾತ್ರೆ ತೊಳೆದಿಟ್ಟು ಮಧ್ಯಾಹ್ನ ಹೋಗಿ ಕೂರುತ್ತಿದ್ದೆ. ಪಕ್ಕದಲ್ಲಿ ಅವರು, ತೊಡೆಯ ಮೇಲೆ ಸ್ಲೇಟು. “ಟ್ರಾನ್ಸಿಸ್ಟರ್ ತಗೊ. ಇಲ್ಲೆ ಇಡು. ಇನ್ನೊಂದು ತಗೊ. ಕನ್ನಡಿಯೊಳಗ ಕಂಡ ಹಂಗ ಎದುರಿಗೆ ಇಡು.” ಎರಡು ಟ್ರಾನ್ಸಿಸ್ಟರುಗಳು, ಒಂದು ಎದ್ದರೆ ಇನ್ನೊಂದು ಕೂರಬೇಕು, ಅದು ಎದ್ದರೆ ಇದು ಕೂರಬೇಕು. ಹುಡುಗಿಯರು ಎದುರುಬದುರು ಕೂತಾಡುವ ಏತದಾಟದ ಹಾಗೆ. ತೆರೆಯ ಮೇಲೆ ಗೆರೆ ಎಳೆದು ಜೋಡಿಸುವಾಗ ನನಗೆ ಕಸೂತಿಯೇ ನೆನಪಾಗುತ್ತಿತ್ತು. ಒಂದು ಗಂಟು ತಪ್ಪಿದರೆ ನಾಲ್ಕು ಸಾಲು ಬಿಚ್ಚಬೇಕು. ಸರ್ಕಿಟ್ಟಿನ ‘ಗ್ರೌಂಡ್’, ಅಂದರೆ ಭೂಮಿಯ ಗುರುತು ಹಾಕಲು ಮರೆತೆ. ಸಾಫ್ಟ್‌ವೇರ್ ಕೆಂಪಕ್ಷರದಲ್ಲಿ ಬೈಯಿತು. ಅವರ ಭುಜ ಕುಲುಕಿತು. ದನಿಯಿಲ್ಲದ ನಗು ಹಾಗಿರುತ್ತಿತ್ತು.

ಎಲ್ಲ ಸರಿಯಾದ ಮೇಲೆ ನಡೆಯಿಸಿದೆವು. ಅಲೆ ಅಲೆಯಾಗಿ ಏಳಬೇಕಾದಲ್ಲಿ ತೆರೆಯ ಈ ತುದಿಯಿಂದ ಆ ತುದಿಗೆ ಒಂದು ನೇರ ಗೆರೆ.

ಮರುದಿನವೂ ನೇರ ಗೆರೆ. ಅದರ ಮರುದಿನವೂ. ಎಸ್ತರಕ್ಕ ಟ್ರಾನ್ಸಿಸ್ಟರಿನ ಒಂದೊಂದು ಕಾಲಿನ ಬಳಿಯೂ ವೋಲ್ಟೇಜ್ ನೋಡಿಸಿದರು. ಸರಿಯಿತ್ತು. ರೆಸಿಸ್ಟರ್ ಬದಲಿಸಿ ನೋಡಿಸಿದರು, ಎರಡೂ ಕಡೆ ಒಂದೇ ಸಮ. ಕೆಪಾಸಿಟರ್ ದೊಡ್ಡದು ಮಾಡಿಸಿದರು, ಅದೂ ಎರಡೂ ಕಡೆ. ಗೆರೆ ಮಿಸುಕಲಿಲ್ಲ. “ಹುಡುಗ್ರು ಬ್ರೆಡ್‌ಬೋರ್ಡ್ ತೂತಿನೊಳಗ ಭಾಗ ಚುಚ್ಚಿದ್ರ ಸಾಕು, ತಾನ ಕುಣೀತಿತ್ತು. ಇದಕ್ಕೇನಾಗೇತಿ?” ಎಂದು ಬರೆದರು. ಆಸ್ಪತ್ರೆಯ ಮಾನಿಟರಿನ ಮೇಲೆ ಆ ಥರದ ಗೆರೆ ಕಂಡರೆ ಏನರ್ಥವೆಂದು ನನಗೆ ಗೊತ್ತಿತ್ತು. ನೋಡಲಾರದೆ ನಾನು ಅಡುಗೆಮನೆಗೆ ಹೋಗಿ ಚಹಾ ಇಡುತ್ತಿದ್ದೆ.

ಡಿಸೆಂಬರ್ ಬಂತು. ಒಂದು ಮಧ್ಯಾಹ್ನ ಅವರು ಸ್ಲೇಟಿನಲ್ಲಿ, “ನನ್ನ ಹಂಗ ಇದೂ ಮೂಕ ಆತು,” ಎಂದು ಬರೆದು, ನಾನು ಪೂರ್ತಿ ಓದುವ ಮೊದಲೇ ಅಳಿಸಿಬಿಟ್ಟರು. ಆಮೇಲೆ ಕಿಟಕಿಯ ಒದ್ದೆಬಟ್ಟೆಯ ಕಡೆ ನೋಡುತ್ತಾ ಕೂತರು. ಸಂಜೆ ಅವ್ವನ ಫೋನು ಬಂತು. ಆ ದಿನ ಕೊನೆಯ ಪ್ರಶ್ನೆಗೆ ಟಕ್ ಎನ್ನಲು ಅವರ ಉಗುರು ತಡಮಾಡಿತು. “ಯಾಕವಾ?” ಎಂದಿತು ಆ ಕಡೆಯ ದನಿ. “ಯಾಕ ಸುಮ್ಮನಾದಿ?” ಎಸ್ತರಕ್ಕ ಗಾಬರಿಯಿಂದ ಟಕ್ ಟಕ್ ಟಕ್ ಎಂದು ಬಡಿದರು.

ತಪ್ಪು ಸಿಕ್ಕಿದ್ದು ಲಿಫ್ಟಿನ ಬಾಗಿಲಲ್ಲಿ. ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದೆವು, ನಾನು, ನನ್ನ ಯಜಮಾನರು, ಎಸ್ತರಕ್ಕ. ನಮ್ಮ ಮಹಡಿಯಲ್ಲಿ ಲಖನೌದ ಒಬ್ಬ ಹಿರಿಯರಿದ್ದಾರೆ, ಮಿಶ್ರಾಜಿ; ಅವರೂ ಬಂದರು. ಲಿಫ್ಟು ತೆರೆಯಿತು.

“ಪೆಹಲೇ ಆಪ್,” ಮೊದಲು ನೀವು ಎಂದು ದಾರಿ ಬಿಟ್ಟರು ಮಿಶ್ರಾಜಿ.

“ನಹೀ ನಹೀ, ಪೆಹಲೇ ಆಪ್,” ಎಂದರು ನಮ್ಮವರು. ಸರ್ಕಾರಿ ಕಚೇರಿಯಲ್ಲಿ ಹಿರಿಯರಿಗೆ ದಾರಿ ಬಿಟ್ಟು ಬಿಟ್ಟು ಅಭ್ಯಾಸ.

“ಅರೇ, ಐಸೇ ಕೈಸೇ? ಆಪ್ ಚಲಿಯೇ.”

“ಆಪ್ ಬಡೇ ಹೈಂ.”

ಇಬ್ಬರೂ ಒಂದೇ ಅಳತೆಗೆ ಬಗ್ಗಿ, ಒಂದೇ ಅಳತೆಗೆ ಕೈಚಾಚಿ ನಿಂತೇ ಇದ್ದರು. ಲಿಫ್ಟು ಕಾದು ಕಾದು, ಬಾಗಿಲು ಮುಚ್ಚಿಕೊಂಡು ಖಾಲಿಯೇ ಮೇಲೆ ಹೋಯಿತು.

ನನಗೆ ನಗು ಬಂತು. ಎಸ್ತರಕ್ಕ ನಗಲಿಲ್ಲ. ಅವರು ಆ ಇಬ್ಬರನ್ನೂ ಕನ್ನಡಕದ ಮೇಲಿಂದ ದಿಟ್ಟಿಸಿ ನೋಡುತ್ತಾ, ಒಮ್ಮೆಲೇ ನನ್ನ ತೋಳು ಹಿಡಿದರು. ಕೈಚೀಲದಿಂದ ಸ್ಲೇಟು ಎಳೆದು ಗೋಡೆಗಿಟ್ಟು ಬರೆದರು: “ಸುಮಾ!! ಪೆಹಲೇ ಆಪ್!!”

ಲಿಫ್ಟು ಮತ್ತೆ ಇಳಿಯುವುದನ್ನು ಕಾಯದೆ, ಆ ದೇಹಸ್ಥಿತಿಯಲ್ಲಿ, ಮೆಟ್ಟಿಲು ಹತ್ತಿಬಿಟ್ಟರು. ನಾನು ಹಿಂದಿನಿಂದ, “ನಿಧಾನ, ಅಕ್ಕಾ, ನಿಧಾನ,” ಎನ್ನುತ್ತಾ ಓಡಿದೆ. ಮೇಲೆ ಹೋಗಿ ಕುತ್ತಿಗೆಯ ಬಟ್ಟೆ ಏದುಸಿರಿಗೆ ಪಟಪಟಿಸುತ್ತಿರುವಾಗಲೇ ಲ್ಯಾಪ್‌ಟಾಪ್ ತೆರೆದು, ಸ್ಲೇಟಿನಲ್ಲಿ ಬರೆದರು. ನಿಜವಾದ ಟ್ರಾನ್ಸಿಸ್ಟರುಗಳು ಅವಳಿ ಮಕ್ಕಳಿದ್ದ ಹಾಗೆ, ಒಂದೇ ಥರ ಕಂಡರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಬ್ಯಾಟರಿ ಹಚ್ಚಿದ ಗಳಿಗೆಯಲ್ಲಿ ಯಾವುದೋ ಒಂದು ತುಸು ಮೊದಲು ಏಳುತ್ತದೆ, ಅಲ್ಲಿಂದ ತೂಗಾಟ ಶುರು. ಕಂಪ್ಯೂಟರಿನಲ್ಲಿ ಅವರು ಎರಡನ್ನೂ ಒಂದಿನಿತೂ ಭೇದವಿಲ್ಲದೆ ಸಮಮಾಡಿದ್ದರು. ಬ್ಯಾಟರಿಯೂ ಹುಟ್ಟಿನಿಂದ ಹಚ್ಚಿಯೇ ಇತ್ತು ಎಂದು ಸಾಫ್ಟ್‌ವೇರ್ ಅಂದುಕೊಂಡಿತ್ತು. ಮೊದಲು ಏಳುವವರು ಯಾರು? ನೀವು, ನೀವು ಎನ್ನುತ್ತಾ ಎರಡೂ ಅರ್ಧ ಎದ್ದು ನಿಂತೇ ಬಿಟ್ಟಿದ್ದವು.

“ಒಂದ ಕಡೆ ರೆಸಿಸ್ಟರ್ ಚೂರು ಹೆಚ್ಚು ಮಾಡು. ಬ್ಯಾಟರಿ ಸೊನ್ನೆಯಿಂದ ಶುರು ಆಗಲಿ.”

ಮಾಡಿದೆ. ಅವರು ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ನಡೆಯಿಸುವ ಗುಂಡಿ ಒತ್ತಿದರು. ಗೆರೆ ಒಂದು ಚಿಟಿಕೆಯಷ್ಟು ನೇರವಾಗಿ ಬಂತು, ಒಂದಿಷ್ಟು ತೊನೆಯಿತು, ಆಮೇಲೆ ಎದ್ದಿತು. ಎದ್ದು, ಬಿದ್ದು, ಎದ್ದು, ತೆರೆಯ ತುಂಬ ಕೋಟೆಯ ತೆನೆಗಳಂತೆ ಸಾಲುಗಟ್ಟಿತು. ಎಸ್ತರಕ್ಕ ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡರು. ಬಲಗೈ ಅಷ್ಟು ಮೇಲೆ ಬಂದದ್ದು ಆಪರೇಷನ್ನಾದ ಮೇಲೆ ಅದೇ ಮೊದಲು.

ಆ ಸಾಫ್ಟ್‌ವೇರಿನಲ್ಲಿ ಅಲೆಯನ್ನು ಸದ್ದಾಗಿ ಕೇಳುವುದಕ್ಕೂ ದಾರಿಯಿತ್ತು. ಎಷ್ಟು ಎತ್ತರಕ್ಕೆ ಶ್ರುತಿ ಮಾಡಬೇಕು? ಸೆಕೆಂಡಿಗೆ ಇನ್ನೂರರ ಆಸುಪಾಸು ಸಲ ತೂಗಿದರೆ ಹೆಂಗಸಿನ ದನಿ ಎಂದು ಅವರಿಗೆ ಗೊತ್ತಿತ್ತು, ಆದರೆ ತಮ್ಮದು? ನಾನು ನನ್ನ ಮೊಬೈಲು ತೆರೆದೆ. ಹಿಂದಿನ ಬೇಸಿಗೆಯಲ್ಲಿ ಅವರು ಕಳಿಸಿದ್ದ ಒಂದು ಧ್ವನಿಸಂದೇಶ ಅಳಿಸದೆ ಉಳಿದಿತ್ತು. “ಏ ಸುಮಾ, ಮಾರ್ಕೆಟ್‌ಗೆ ಹೊಂಟೀದಿ ಅಂದ್ರ ನನಗೂ ನಿಂಬಿಹಣ್ಣು ತಗೊಂಬಾ. ಹಸರು ಬ್ಯಾಡ, ಹಳದಿ. ಮತ್ತ ಹಿಚುಕಿ ನೋಡು, ನಿನಗ ನಾಚಿಕಿ ಭಾಳ.”

ಎಸ್ತರಕ್ಕ ಅದನ್ನು ತಲೆ ತಗ್ಗಿಸಿ ಕೇಳಿದರು. ಇನ್ನೊಮ್ಮೆ ಎಂದು ಬೆರಳೆತ್ತಿದರು. ಇನ್ನೊಮ್ಮೆ. ನಾನು ಅಂಕಿ ಬದಲಿಸುತ್ತಾ ಹೋದೆ, ಲ್ಯಾಪ್‌ಟಾಪು ಝುಂಯ್ ಎನ್ನುತ್ತಿತ್ತು, ಮೊಬೈಲು ನಿಂಬೆಹಣ್ಣು ಕೇಳುತ್ತಿತ್ತು. ಮೇಲೆ ಎಂದು ಕೈ ಮಾಡಿದರು, ತುಸು ಕೆಳಗೆ, ಇನ್ನೂ ತುಸು. ಚರ್ಚಿನಲ್ಲಿ ಹಾಡಿದ ಕಿವಿ. ಒಂದು ಕಡೆ ಕೈ ನಿಂತಿತು. ಅವರು ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದು, ಆ ಸದ್ದಿನ ಜೊತೆ ಬರೀ ತುಟಿಯಾಡಿಸಿದರು. ಹಸರು ಬ್ಯಾಡ, ಹಳದಿ. ನನಗೆ ಅಲ್ಲಿ ಕೂರಲಾಗಲಿಲ್ಲ.

ಬೆಸೆದದ್ದು ನಾನು. ಕೆಂಪುಕೋಟೆಯ ಎದುರಿನ ಅಂಗಡಿಸಾಲಿನಿಂದ ನಮ್ಮವರು ಬೇಕಾದ್ದನ್ನು ತಂದರು. ಬಾಲ್ಕನಿಯಲ್ಲಿ ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡು ನಾನು. ಗಾಜಿನ ಬಾಗಿಲ ಒಳಗೆ ಹೊಗೆ ತಾಗದಂತೆ ಎಸ್ತರಕ್ಕ. ತಪ್ಪು ಜಾಗಕ್ಕೆ ಬೆಸುಗೆಯ ಬಿಸಿಕಡ್ಡಿ ಒಯ್ದರೆ ಗಾಜು ಕುಟ್ಟುತ್ತಿದ್ದರು. ಸೀಸದ ಹನಿ ದಪ್ಪವಾದರೆ ಸ್ಲೇಟನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದರು: “ಬೆಸಿಗಿ ಹಾಕಂದೆ, ಬೋಂಡಾ ಕರಿ ಅನ್ನಲಿಲ್ಲ.” ಬೆರಳು ಎರಡು ಕಡೆ ಸುಟ್ಟುಕೊಂಡೆ. ನಮ್ಮವರು, “ನಿಮ್ಮ ಕಾನ್ವೆಂಟಿನವರು ನೋಡಿದರೆ ಸರ್ಟಿಫಿಕೇಟು ವಾಪಸು ತಗೊಳ್ತಾರೆ,” ಎಂದು ಒಳಗಿನಿಂದ ಹಾಸ್ಯಮಾಡಿದರು.

ಕ್ರಿಸ್‌ಮಸ್ಸಿನ ಸಂಜೆ. ಅವರ ಮನೆಯಲ್ಲಿ ಕಾಗದದ ನಕ್ಷತ್ರ, ನಾನು ಮಾಡಿದ ಕರ್ಜಿಕಾಯಿ. ಗಲ್ಲದ ಕೆಳಗೆ ಎಡಗಡೆ ಬೆರಳಿಗೆ ಮೆತ್ತಗೆ ಸಿಗುವ ಒಂದೇ ಒಂದು ಜಾಗವಿತ್ತು. ಅಲ್ಲಿ ಒತ್ತಿದರೆ ಮಾತ್ರ ದನಿ ಬಾಯೊಳಗೆ ತುಂಬುತ್ತಿತ್ತು. ಅವರು ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿದ್ದರು. ಫೋನು ಬಂತು, ನಾನು ಸ್ಪೀಕರಿಗೆ ಹಾಕಿದೆ.

“ಹ್ಯಾಪಿ ಕ್ರಿಸ್‌ಮಸ್, ಮಗಳ,” ಎಂದರು ಅವ್ವ. ಆಮೇಲೆ ಕಾದರು.

ಎಸ್ತರಕ್ಕ ಗುಂಡಿ ಅದುಮಿದರು. “ಅವ್ವಾ.”

ಅದು ಅವರ ದನಿಯಲ್ಲ. ಏರಿಳಿತವಿಲ್ಲದ, ಬಾಚಣಿಗೆಗೆ ಕಾಗದ ಸುತ್ತಿ ಊದಿದಂಥ ದನಿ. ಆದರೆ ಹೆಂಗಸಿನದು. ಎಸ್ತರಕ್ಕನ ಗಲ್ಲದಿಂದ ಯಂತ್ರ ಜಾರಿತು. ಮತ್ತೆ ಹುಡುಕಿ ಒತ್ತಿಕೊಂಡರು. “ಅವ್ವಾ. ನಾನವ್ವಾ.”

“ಥಂಡಿ ಆಗೇತೇನ ನಿನಗ?” ಎಂದರು ಅವ್ವ. “ದನಿ ಎಷ್ಟು ಕಟ್ಟೇತಲ್ಲ. ದೆಲ್ಲಿಯೊಳಗ ಛಳಿ ಭಾಳ ಅಂತಾರ. ತೆಲಿಗೆ ಬಟ್ಟಿ ಕಟ್ಟಬಾರದಾ? ಯಾರು ಹೇಳಬೇಕು ನಿನಗ?”

ಎಸ್ತರಕ್ಕನ ಕಣ್ಣಿಂದ ನೀರು ಇಳಿದು ಯಂತ್ರದ ಮೇಲೆ ಬೀಳುತ್ತಿತ್ತು. ನಾನು ಸೆರಗಿನಿಂದ ಒರೆಸುತ್ತಾ ಇದ್ದೆ, ಒದ್ದೆಯಾದರೆ ಕೆಟ್ಟೀತೆಂದು.

“ಕಟ್ತೀನವ್ವಾ,” ಎಂದರು.

ಆ ನಂತರ ಸಂಜೆಯ ಮಾತು ಮತ್ತೆ ಕಾರಿಡಾರು ದಾಟಿ ಬರತೊಡಗಿತು. ಅವ್ವ ದಿನವೂ ಥಂಡಿಗೆ ಒಂದೊಂದು ಔಷಧಿ ಹೇಳುವರು, ಮಗಳು ಮಾಡುತ್ತೇನೆನ್ನುವರು. ಎಸ್ತರಕ್ಕ ತರಕಾರಿಯವನನ್ನೂ ಕೂಗಲು ನೋಡಿದರು. ಕೇಳಿಸದೆ ಅವನು ಮುಂದೆ ಹೋದ. ಮರುದಿನದಿಂದ ನಾನು ಕೂಗಿದೆ. ಭಯ್ಯಾ, ಎಂದು ನನ್ನ ದನಿ ಅಷ್ಟು ದೊಡ್ಡದಾಗಿ ಹೊರಬಂದಾಗ ಒಳಗಿನಿಂದ ಆ ಬಾಚಣಿಗೆಯ ಸದ್ದು ಹೇಳಿತು, “ಶಭಾಶ್.”

ನಾನು ಸುಖಪಟ್ಟದ್ದು ಒಂದು ಚಳಿಗಾಲ. ಹೋಳಿ ಕಳೆಯುವಷ್ಟರಲ್ಲಿ ಅವರ ವಾಕ್ಯಗಳು ಚಿಕ್ಕವಾಗುತ್ತಿರುವುದು ನನಗೆ ತಿಳಿಯಿತು. ಮೊದಲು ಕಥೆ ಹೇಳುತ್ತಿದ್ದವರು ಆಮೇಲೆ ಎರಡು ಮಾತು, ಆಮೇಲೆ ಒಂದು. ಯಂತ್ರ ಕೆಟ್ಟಿತೇನೋ ಎಂದು ಬ್ಯಾಟರಿ ಬದಲಿಸಿದೆ. ಯಂತ್ರ ಚೆನ್ನಾಗಿತ್ತು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು.

ಏಪ್ರಿಲಿನ ಒಂದು ಬೆಳಿಗ್ಗೆ, ನಾನು ಆಸ್ಪತ್ರೆ ತಲುಪುವ ಮೊದಲು, ಎಸ್ತರಕ್ಕ ಹೋದರು. ಊರಿನಿಂದ ಬಂದಿದ್ದ ಅವರ ತಮ್ಮ ಪಕ್ಕದಲ್ಲಿದ್ದ. ನಾನು ಅವರನ್ನು ಕಂಡದ್ದು ಹಿಂದಿನ ಸಂಜೆಯೇ ಕೊನೆ.

ಆ ಸಂಜೆ ಅವರ ತಮ್ಮ ಔಷಧಿ ತರಲು ಕೆಳಗೆ ಹೋಗಿದ್ದ. ಹೊರಗೆ ಸೆಖೆ, ಕಿಟಕಿಯ ಮೇಲೆ ಪಾರಿವಾಳಗಳು. ಎಸ್ತರಕ್ಕನ ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು, ಯಂತ್ರ ಎತ್ತುವ ಶಕ್ತಿಯಿರಲಿಲ್ಲ. ಫೋನು ಬಂತು. ಅವರು ನನ್ನ ಕಡೆ ನೋಡಿದರು. ನಾನು ಫೋನನ್ನು ದಿಂಬಿನ ಮೇಲಿಟ್ಟು, ಗಲ್ಲದ ಕೆಳಗಿನ ಆ ಮೆತ್ತನೆಯ ಜಾಗವನ್ನು ಬೆರಳಿನಿಂದ ಹುಡುಕಿ, ಯಂತ್ರ ಒತ್ತಿ, ಗುಂಡಿ ಅದುಮಿದೆ.

“ಅವ್ವಾ,” ಎಂದರು.

“ಊಟ ಆತೇನು?”

“ಆತವ್ವಾ.”

ಸುಳ್ಳು. ಎರಡು ದಿನದಿಂದ ಏನೂ ಇಳಿದಿರಲಿಲ್ಲ. ಅವ್ವ ಶುರುಮಾಡಿದರು. ಈಸ್ಟರಿಗೆ ಮಗಳು ಕಳಿಸಿದ ಸೀರೆ ಉಟ್ಟದ್ದು, ಅದರ ಅಂಚು ಮುಟ್ಟಿ ನೋಡಿ ಎಲ್ಲರೂ ಕೇಳಿದ್ದು, ಮಾವಿನಕಾಯಿ ಈ ಸಲ ಬೇಗ ಬಂದದ್ದು, ಉಪ್ಪಿನಕಾಯಿ ಹಾಕಿ ಮಗನ ಕೈಯಲ್ಲಿ ಕಳಿಸಬೇಕೆಂದಿದ್ದರೆ ಅವನು ಹೇಳದೆ ಕೇಳದೆ ರೈಲು ಹತ್ತಿದ್ದು. ಎಸ್ತರಕ್ಕ ಹೂಂ ಎಂದರು. ಮತ್ತೆ ಹೂಂ ಎಂದರು. ಆಮೇಲೆ ಅವರ ತುಟಿ ನಿಂತಿತು. ಕಣ್ಣು ಮುಚ್ಚಿತ್ತು. ಕುತ್ತಿಗೆಯ ಬಟ್ಟೆಯ ತುದಿ ಮಾತ್ರ ಏಳುತ್ತಾ ಬೀಳುತ್ತಾ ಇತ್ತು. ನಾನು ಗುಂಡಿಯಿಂದ ಬೆರಳು ತೆಗೆದೆ.

ಅವ್ವ ಮಾತು ನಿಲ್ಲಿಸಿದರು. “ಮಗಳ? ಕೇಳಾಕತ್ತೀಯಿಲ್ಲ?”

ಬಾಗಿಲ ಕಡೆ ನೋಡಿದೆ. ತಮ್ಮ ಬಂದಿರಲಿಲ್ಲ.

“ಎಸ್ತರ್?”

ನಾನು ಗುಂಡಿ ಒತ್ತಿದೆ. ಮುಚ್ಚಿದ ತುಟಿಗಳ ಒಳಗಿನಿಂದ, ನಾವಿಬ್ಬರೂ ಆರಿಸಿದ ಆ ಶ್ರುತಿಯಲ್ಲಿ, ಒಂದು ಹೂಂ ಬಂತು.

“ಹಾಂ, ಅಷ್ಟ ಸಾಕು,” ಎಂದರು ಅವ್ವ, ಸಮಾಧಾನದಿಂದ. “ನೀ ಏನೂ ಮಾತಾಡಬ್ಯಾಡ, ದಣೀತೀದಿ. ಸುಮ್ಮನ ಹೂಂ ಅನಕೋತ ಇರು. ನಾ ಹೇಳ್ತೀನಿ.”

ಅವರು ಹೇಳುತ್ತಾ ಹೋದರು. ಮಾತು ನಿಂತಲ್ಲೆಲ್ಲ ನಾನು ಒತ್ತುತ್ತಾ ಹೋದೆ.